ಗಂಟಲು ಕಟ್ಟಿದ ಪೆಟ್ಟಿಗೆ

ಮನೆಯಲ್ಲಿರುವ ಸಾಮಾನುಗಳಲ್ಲಿ ಎರಡು ಜಾತಿ. ಹೆಂಗಸರು ಬಿಚ್ಚಬಹುದಾದವು, ಹೆಂಗಸರು ಒರೆಸಬಹುದಾದವು. ಮಿಕ್ಸಿ ಜಾರಿನ ರಬ್ಬರು ಬದಲಿಸುವುದು, ಕುಕ್ಕರಿಗೆ ಹೊಸ ವಾಲ್ವು ಹಾಕುವುದು, ಗ್ಯಾಸಿನ ಬರ್ನರು ಕಳಚಿ ಸೂಜಿಯಿಂದ ತೂತು ಬಿಡಿಸುವುದು, ಗ್ರೈಂಡರಿನ ಬೆಲ್ಟು ಜಾರಿದರೆ ಮತ್ತೆ ಏರಿಸುವುದು, ಇವೆಲ್ಲ ನಮ್ಮ ಪಾಲಿಗೆ. ಇದನ್ನು ಯಾರೂ ರಿಪೇರಿ ಎನ್ನುವುದಿಲ್ಲ. ಅಡಿಗೆ ಕೆಲಸದ ಬಾಬ್ತಿಗೇ ಸೇರಿಹೋಗುತ್ತದೆ. ಹಜಾರದಲ್ಲಿರುವ ರೇಡಿಯೋ, ಸ್ಟೀರಿಯೋ, ಟಿ.ವಿ. ಇವೆಯಲ್ಲ, ಅವು ಎರಡನೆಯ ಜಾತಿ. ಅವಕ್ಕೆ ನಾವು ಕಸೂತಿಯ ಮುಸುಕು ಹೊದಿಸಬಹುದು, ಮೇಲೊಂದು ಹೂದಾನಿ ಇಡಬಹುದು, ವಾರಕ್ಕೊಮ್ಮೆ ಧೂಳು ಹೊಡೆಯಬಹುದು. ಒಳಗೇನಿದೆ ಎಂದು ಕೇಳಿದರೆ, “ನಿನಗೆ ಅರ್ಥ ಆಗಲ್ಲ ಬಿಡು” ಎಂಬ ಉತ್ತರ ಬರುತ್ತದೆ. ಕೇಳದಿದ್ದರೆ ಅದೂ ಇಲ್ಲ.

ನಮ್ಮ ಮನೆಯಲ್ಲಿ ಈ ಎರಡನೆಯ ಜಾತಿಯ ಯಜಮಾನಿಕೆ ಒಂದು ಜೋಡಿ ಸ್ಪೀಕರ್ ಪೆಟ್ಟಿಗೆಗಳದ್ದು. 1986ರಲ್ಲಿ ಬ್ಯಾಂಕಿನಿಂದ ಅರಿಯರ್ಸ್ ಬಂದಾಗ ನಮ್ಮವರು ಬೆಂಗಳೂರಿಗೆ ಹೋಗಿ ತಂದದ್ದು. ಎರಡಡಿ ಎತ್ತರ, ತೇಗದ ಬಣ್ಣ, ಮುಂದುಗಡೆ ಕಪ್ಪು ಬಟ್ಟೆ. ಆ ಹಣದಲ್ಲಿ ನನಗೊಂದು ಜೊತೆ ಬಳೆ ಬರಬೇಕಾಗಿತ್ತು ಎಂಬ ಮಾತು ಈಗ ಬೇಡ. ಟೇಪು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲಿನಿಂದ ಹಾಡು ಹರಿದು ಬರುವ ಕಾಲ ಬಂತು. ಮಗ ಹುಟ್ಟಿ, ಓದಿ, ಬೆಂಗಳೂರು ಸೇರಿ, ಮದುವೆಯೂ ಆಯಿತು. ಪೆಟ್ಟಿಗೆಗಳು ಮಾತ್ರ ಇದ್ದಲ್ಲಿಂದ ಕದಲಲಿಲ್ಲ.

ಅವುಗಳ ಖಾಯಂ ಗಿರಾಕಿ ನಮ್ಮ ಮಾವನವರು. ಅವರು ಹುಟ್ಟಿದ್ದು 1935ರಲ್ಲಿ. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನಲ್ಲಿ, ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ್ದೂ ಅದೇ ವರ್ಷ. “ನಾನೂ ಆಕಾಶವಾಣಿಯೂ ಒಂದೇ ವಾರಗೆ” ಎಂದು ಮಾವನವರು ಬಂದವರಿಗೆಲ್ಲ ಹೇಳುತ್ತಾರೆ. ಪಿಟೀಲು ಚೌಡಯ್ಯನವರನ್ನು ಎದುರು ಕೂತು ಕೇಳಿದವರು. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲಿ ಎಂದು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡ ಕಥೆಯನ್ನು ಅವರ ಬಾಯಲ್ಲಿ ನಾನು ನೂರು ಸಲವಾದರೂ ಕೇಳಿದ್ದೇನೆ. ಬೆಳಿಗ್ಗೆ ಕಾಫಿ, ಸಂಜೆ ಸಂಧ್ಯಾವಂದನೆ, ಅದಾದ ಮೇಲೆ ಒಂದು ಗಂಟೆ ಪಿಟೀಲು. ಅವರ ದಿನಚರಿ ಇಷ್ಟೇ.

2022ರ ದಸರೆಯ ಹೊತ್ತಿಗೆ ಮಾವನವರಿಗೆ ಪೆಟ್ಟಿಗೆಯ ಮೇಲೆ ಮುನಿಸು ಬಂತು.

“ಪಿಟೀಲು ಗಂಟಲು ಕಟ್ಟಿಕೊಂಡ ಹಾಗೆ ಕೇಳುತ್ತೆ ಕಣೋ. ಕಂಬಳಿ ಹೊದ್ದುಕೊಂಡು ನುಡಿಸ್ತಾ ಇದ್ದಾರೋ ಏನೋ. ತಂಬೂರಿಯ ಝೇಂಕಾರವೇ ಇಲ್ಲ. ಮೃದಂಗ ಮಾತ್ರ ಗುಡ್ಡು ಗುಡ್ಡು ಅಂತ ಎದೆಗೆ ಗುದ್ದುತ್ತೆ” ಎಂದರು.

ನಮ್ಮವರು ಆ ಗುಂಡಿ ಈ ಗುಂಡಿ ತಿರುಗಿಸಿ ನೋಡಿದರು. ಆಗಲಿಲ್ಲ. ಬೆಂಗಳೂರಿಗೆ ಫೋನು ಹೋಯಿತು. ಮಗನಿಗೆ ಇಂಥದ್ದು ಸಿಕ್ಕರೆ ಹಬ್ಬ. “ಅಪ್ಪ, ಒಳಗಿನ ವೈರಿಂಗ್ ಬದಲಾಯಿಸಬೇಕು. ಆ ಕಾಲದಲ್ಲಿ ದಾರದಂಥ ತಂತಿ ಹಾಕಿರ್ತಾರೆ. ಆಮ್ಲಜನಕ ತೆಗೆದ ಶುದ್ಧ ತಾಮ್ರದ ದಪ್ಪ ತಂತಿ ಕಳಿಸ್ತೀನಿ, ನಾದವೇ ಬೇರೆ ಆಗುತ್ತೆ ನೋಡಿ” ಎಂದ. ವಾರದೊಳಗೆ ಒಂದು ಸುರುಳಿ ಬಂತು. ಬಿಲ್ಲು ನೋಡಿದೆ. ಮೀಟರೊಂದಕ್ಕೆ ಒಂದು ಒಳ್ಳೆಯ ಇಳಕಲ್ ಸೀರೆಯ ಬೆಲೆ.

ತಂತಿಯೇನೋ ಬಂತು, ಹಾಕುವವರು ಯಾರು? ಬೀದಿ ಕೊನೆಯ ರೇಡಿಯೋ ರಿಪೇರಿ ಅಂಗಡಿ ಎಂದೋ ಮೊಬೈಲ್ ಅಂಗಡಿಯಾಗಿತ್ತು. ನಮ್ಮವರಿಗೆ ಒಂದು ಕಣ್ಣಿಗೆ ಪೊರೆ ತೆಗೆಸಿ ತಿಂಗಳಾಗಿರಲಿಲ್ಲ, ಇನ್ನೊಂದಕ್ಕೆ ಬಾಕಿಯಿತ್ತು.

“ನಾನು ಹಾಕ್ತೀನಿ” ಎಂದೆ.

ಹಜಾರದಲ್ಲಿ ಎರಡು ನಿಮಿಷ ಯಾರೂ ಮಾತಾಡಲಿಲ್ಲ.

ಇಲ್ಲಿ ನನ್ನ ಪೂರ್ವಾಶ್ರಮದ ವಿಚಾರ ಹೇಳಬೇಕು. 1978ರಿಂದ 1982ರವರೆಗೆ, ನಾಲ್ಕು ವರ್ಷ, ನಾನು ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಬೆಸುಗೆಯ ಮೇಜಿನ ಮುಂದೆ ಕೂತವಳು. ಉದ್ದನೆಯ ಸಾಲಿನಲ್ಲಿ ಎಲ್ಲರೂ ನನ್ನ ವಯಸ್ಸಿನ ಹುಡುಗಿಯರೇ. ಹೆಂಗಸರ ಬೆರಳು ಸಣ್ಣ, ತಾಳ್ಮೆ ಜಾಸ್ತಿ ಎಂದು ಆ ಕೆಲಸಕ್ಕೆ ನಮ್ಮನ್ನೇ ಆರಿಸುತ್ತಿದ್ದರು. ತವರ ಮತ್ತು ಸೀಸ ಬೆರೆತ ಸೋಲ್ಡರ್ ತಂತಿ, ಅದರ ಹೊಟ್ಟೆಯಲ್ಲಿ ರಾಳ. ಕಾದ ಕಡ್ಡಿಯನ್ನು ಮೊದಲು ಕೂಡುವ ಜಾಗಕ್ಕೆ ಮುಟ್ಟಿಸಬೇಕು, ಸೋಲ್ಡರನ್ನು ಆಮೇಲೆ. ಬಿಸಿಯಾದ ತಾಮ್ರವೇ ತವರವನ್ನು ಕರಗಿಸಿ ಒಳಗೆಳೆದುಕೊಳ್ಳಬೇಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬೀದಿಗೆ ಬರುತ್ತಿದ್ದರಲ್ಲ, ಕಾದ ಪಾತ್ರೆಗೆ ನವಸಾಗರ ಉದುರಿಸಿ ಬಟ್ಟೆಯಲ್ಲಿ ತವರ ಎಳೆದರೆ ಫಳಕ್ಕನೆ ಬೆಳ್ಳಿ ಹರಡುತ್ತಿತ್ತಲ್ಲ, ಅದೇ ವಿದ್ಯೆ, ಸಾಸಿವೆ ಕಾಳಿನಷ್ಟು ಜಾಗದಲ್ಲಿ. ಒಳ್ಳೆಯ ಬೆಸುಗೆ ಹೊಳೆಯುತ್ತದೆ. ಮಂಕಾಗಿ, ಹರಳು ಹರಳಾಗಿ ಕೂತರೆ ಅದು ಡ್ರೈ ಸೋಲ್ಡರ್. ಹೊರಗೆ ಅಂಟಿದಂತೆ ಕಂಡರೂ ಒಳಗೆ ಅಂಟಿರುವುದಿಲ್ಲ. ದಿನಕ್ಕೆ ನೂರಾರು ಬೆಸುಗೆ ಹಾಕಿ, ತಪಾಸಣೆಯಿಂದ ಒಂದೂ ವಾಪಸು ಬಾರದ ದಿನಗಳಿದ್ದವು.

ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಸಂಗೀತ ಬರುತ್ತದೆಯೇ, ರಂಗೋಲಿ ಬರುತ್ತದೆಯೇ ಎಂದು ಕೇಳಿದರು. ಬೆಸುಗೆ ಬರುತ್ತದೆಯೇ ಎಂದು ಕೇಳಲಿಲ್ಲ. ಕೆಲಸ ಬಿಟ್ಟೆ. ನಲವತ್ತು ವರ್ಷ ಆ ವಿದ್ಯೆ ನನ್ನ ಬೆರಳಿನಲ್ಲಿ ಸುಮ್ಮನೆ ಕೂತಿತ್ತು.

ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಮೊದಲ ಪೆಟ್ಟಿಗೆಯನ್ನು ಮಲಗಿಸಿದೆವು. ನೀವೂ ಎಂದಾದರೂ ಈ ಕೆಲಸಕ್ಕೆ ಕೈ ಹಾಕಿದರೆ ಒಂದು ಮಾತು ನೆನಪಿರಲಿ. ಸ್ಪೀಕರಿನ ಬೆನ್ನಿಗೆ ಬಲವಾದ ಅಯಸ್ಕಾಂತವಿದೆ. ಕೈಯಲ್ಲಿರುವ ಸ್ಕ್ರೂಡ್ರೈವರನ್ನು ಅದು ಸರಕ್ಕನೆ ಎಳೆದುಕೊಂಡು, ಮುಂದಿರುವ ಕಾಗದದ ಶಂಕುವಿಗೇ ಚುಚ್ಚಿಸಿಬಿಡುತ್ತದೆ. ಹಾಗಾಗಿ ಎಡಗೈಯನ್ನು ಅಡ್ಡ ಹಿಡಿದೇ ತಿರುಪು ಬಿಚ್ಚಬೇಕು. ಬರೀ ಸ್ಪೀಕರ್ ಪೆಟ್ಟಿಗೆಯಾದರೆ, ಆಂಪ್ಲಿಫೈಯರಿನಿಂದ ತಂತಿ ಕಳಚಿಟ್ಟ ಮೇಲೆ ಶಾಕಿನ ಭಯವಿಲ್ಲ. ಆಂಪ್ಲಿಫೈಯರಿನ ಹೊಟ್ಟೆ ಮಾತ್ರ ಬೇರೆ ವಿಷಯ. ಅದನ್ನು ಬಲ್ಲವರಿಗೇ ಬಿಡುವುದು ಕ್ಷೇಮ.

ಮೂವತ್ತಾರು ವರ್ಷ ಒರೆಸಿದ ಪೆಟ್ಟಿಗೆಯ ಒಳಗನ್ನು ಕಂಡದ್ದು ಅಂದೇ. ಅಂಥ ರಹಸ್ಯವೇನೂ ಇರಲಿಲ್ಲ. ದಿಂಬಿನೊಳಗಿನ ಅರಳೆಯಂಥ ಹಳದಿ ಉಣ್ಣೆ, ಮುಟ್ಟಿದರೆ ತುರಿಕೆ. ಕೆಳಗೆ ದೊಡ್ಡ ಸ್ಪೀಕರು, ಅದು ವೂಫರ್, ಮೃದಂಗದ ಎಡ ಬದಿಯಂಥ ತಗ್ಗು ನಾದಕ್ಕೆ. ಮೇಲೆ ಚಿಕ್ಕದೊಂದು, ಟ್ವೀಟರ್, ತಾಳದ ಕಿಣಿಕಿಣಿ, ಪಿಟೀಲಿನ ಮಿನುಗು ಇಂಥವಕ್ಕೆ. ಇಬ್ಬರಿಗೂ ಪಾಲು ಹಂಚಿಕೊಡಲು ಒಂದು ಸಣ್ಣ ಹಲಗೆ, ಕ್ರಾಸ್‌ಓವರ್. ನಮ್ಮ ಲೆಕ್ಕದಲ್ಲಿ ಅದೊಂದು ಜರಡಿ. ಅದರಲ್ಲಿರುವ ಕೆಪ್ಯಾಸಿಟರ್ ತಗ್ಗು ನಾದವನ್ನು ತಡೆದು ನುಣ್ಣಗಿನ ಏರುನಾದವನ್ನು ಟ್ವೀಟರಿಗೆ ಬಿಡುತ್ತದೆ. ಪಕ್ಕದ ತಾಮ್ರದ ಸುರುಳಿ ಇದಕ್ಕೆ ತಿರುವು ಮುರುವು ಮಾಡಿ ವೂಫರಿಗೆ ತಗ್ಗು ನಾದವನ್ನು ಕೊಡುತ್ತದೆ.

ಸ್ಪೀಕರಿನ ಶಂಕುವಿನ ಕೊರಳಲ್ಲಿ ತಾಮ್ರದ ಇನ್ನೊಂದು ಸುರುಳಿ, ಸುತ್ತ ಅಯಸ್ಕಾಂತ. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆ ಮುಂದೆ ಆಡುತ್ತದೆ, ಜೊತೆಗೆ ಶಂಕುವೂ ಆಡಿ ಗಾಳಿಯನ್ನು ದೂಡುತ್ತದೆ. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಿಸಿದ ರೀತಿಯೇ ಇಂದಿಗೂ ಬಹುಪಾಲು ಸ್ಪೀಕರುಗಳದ್ದು. ನನ್ನ ಕಣ್ಣು ಕೀಲಿಸಿದ್ದು ಮಾತ್ರ ಆಡುವ ಶಂಕುವಿಗೆ ವಿದ್ಯುತ್ತು ಒಯ್ಯುವ ಎರಡು ಎಳೆಗಳ ಮೇಲೆ. ದಿನವಿಡೀ ಬಾಗಿ ಬಾಗಿಯೂ ಅವು ತುಂಡಾಗಬಾರದು. ಬರೀ ತಾಮ್ರವಾದರೆ ತಡೆಯುವುದಿಲ್ಲ. ಅದಕ್ಕೆ ನೂಲಿನ ಮೇಲೆ ಲೋಹದ ತೆಳು ಪಟ್ಟಿ ಸುತ್ತಿರುತ್ತಾರೆ. ಹಾಗೆಂದರೆ ಜರಿ! ನಮ್ಮ ಮೈಸೂರು ಸಿಲ್ಕಿನ ಅಂಚಿನಲ್ಲಿರುವುದೂ ಎಳೆಯ ಮೇಲೆ ಸುತ್ತಿದ ಲೋಹವೇ. ಗಂಡಸರ ಪೆಟ್ಟಿಗೆಯ ಒಳಗೆ ನಮ್ಮ ಸೀರೆಯ ಜರಿಯನ್ನು ಕಂಡು ನನಗೆ ನಗು ಬಂತು.

ಇನ್ನು ಒಳಗಿನ ತಂತಿ. ಮಗ ಹೇಳಿದ್ದು ನಿಜ, ತೆಳ್ಳಗೇ ಇತ್ತು. ಅರ್ಧ ಚದರ ಮಿಲಿಮೀಟರ್ ಇರಬಹುದು. “ನೋಡಿದೆಯಾ, ಇದೇ ರೋಗ” ಎಂದರು ನಮ್ಮವರು. ನಾನು ಕಾಗದ ಪೆನ್ನು ಹಿಡಿದು ಕೂತೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಒಂದು ಮೀಟರಿಗೆ ಒಡ್ಡುವ ತಡೆ ಸುಮಾರು 0.017 ಓಮ್. ಅರ್ಧ ದಪ್ಪವಾದರೆ ಅದರ ಎರಡರಷ್ಟು, 0.034. ಪೆಟ್ಟಿಗೆಯೊಳಗೆ ಹೋಗುವ ಬರುವ ದಾರಿ ಸೇರಿ ಒಂದು ಮೀಟರು. ಮಗ ಕಳಿಸಿದ್ದು ಒಂದೂವರೆ ಚದರ ಮಿಲಿಮೀಟರಿನದು, ಅದರ ತಡೆ 0.011. ಉಳಿತಾಯವಾಗುವುದು 0.023 ಓಮ್. ಸ್ಪೀಕರಿನದೇ ತಡೆ 8 ಓಮ್. ಅದರ ಕೊರಳಿನ ಸುರುಳಿ ಕೂದಲೆಳೆಯಂಥ ತಂತಿಯ ಹಲವು ಮೀಟರು, ಜರಡಿ ಹಲಗೆಯ ಸುರುಳಿ ಇನ್ನೂ ಹತ್ತಿಪ್ಪತ್ತು ಮೀಟರು. ಇಷ್ಟೆಲ್ಲ ದಾಟಿ ಬರಬೇಕಾದ ವಿದ್ಯುತ್ತಿಗೆ ನಡುವೆ ಒಂದು ಮೀಟರು ರಾಜಮಾರ್ಗ ಮಾಡಿಕೊಟ್ಟರೆ ಏನು ಲಾಭ? ಓಣಿಯ ಕೊಳಾಯಿ ಕಿರುಬೆರಳಿನಷ್ಟಿರುವಾಗ ಬಚ್ಚಲ ಮನೆಯ ನಲ್ಲಿಗೆ ಮಾತ್ರ ತೊಲೆಯಂಥ ಪೈಪು ಹಾಕಿಸಿದ ಹಾಗೆ. ಶುದ್ಧತೆಯ ಮಾತಿಗೆ ಬಂದರೆ, ವಿದ್ಯುತ್ತಿಗೆ ಬಳಸುವ ಸಾಧಾರಣ ತಾಮ್ರವೂ ನೂರಕ್ಕೆ 99.9ರಷ್ಟು ಶುದ್ಧವೇ.

ಲೆಕ್ಕ ತೋರಿಸಿದೆ. “ಸಂಗೀತ ಲೆಕ್ಕದಲ್ಲಿ ಇರೋದಿಲ್ಲ ಕಣೇ” ಎಂದರು ನಮ್ಮವರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವರ ಬಾಯಲ್ಲಿ ಈ ಮಾತು!

ತಂತಿಯಲ್ಲಿ ಸಿಗದ ರೋಗ ಕೀಲಿನಲ್ಲಿ ಸಿಕ್ಕಿತು. ಟ್ವೀಟರಿಗೆ ತಂತಿಯನ್ನು ಬೆಸೆದಿರಲಿಲ್ಲ, ಒಂದು ಹಿತ್ತಾಳೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದ್ದರು. ಬಲಗಡೆ ಪೆಟ್ಟಿಗೆಯ ಆ ಕ್ಲಿಪ್ಪು ದೇವರ ಮನೆಯ ತೊಳೆಯದ ಉದ್ಧರಣೆಯ ಹಾಗೆ ಹಸಿರು ಕಿಲುಬು ಹಿಡಿದಿತ್ತು. ಮುಟ್ಟಿದರೆ ಅಲ್ಲಾಡುತ್ತಿತ್ತು. ಆ ಟ್ವೀಟರ್ ಎಷ್ಟು ವರ್ಷದಿಂದ ಮೌನವ್ರತದಲ್ಲಿತ್ತೋ! ಎರಡೂ ಪೆಟ್ಟಿಗೆಯ ಕೆಪ್ಯಾಸಿಟರುಗಳು ಹಳೆಯ ಕಾಲದ ಎಲೆಕ್ಟ್ರೋಲಿಟಿಕ್ ಜಾತಿಯವು. ಒಳಗಿನ ದ್ರವ ವರ್ಷಗಳು ಕಳೆದಂತೆ ಆರುತ್ತದೆ, ಜರಡಿಯ ಕಣ್ಣು ಮುಚ್ಚಿಕೊಳ್ಳುತ್ತದೆ. ಮಗನಿಗೆ ಅಳತೆ ಹೇಳಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ ತಂದ, ನಾಲ್ಕು ಕಾಫಿಯ ದುಡ್ಡಿಗೆ.

ಕಿಲುಬು ಉಜ್ಜಿದೆ, ಕ್ಲಿಪ್ಪು ಕಿತ್ತು ನೇರ ಬೆಸೆದೆ, ಕೆಪ್ಯಾಸಿಟರು ಬದಲಿಸಿದೆ. ನಲವತ್ತು ವರ್ಷದ ಮೇಲೆ ಕಡ್ಡಿ ಹಿಡಿದ ಕೈ ನಡುಗಲಿಲ್ಲ. ರಾಳದ ಹೊಗೆಯ ಆ ವಾಸನೆ ಮೂಗಿಗೆ ಬಂದಾಗ ಸಾಲಿನಲ್ಲಿ ಕೂತ ಹುಡುಗಿಯರೆಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋದರು. ಕಿಟಕಿ ತೆರೆದೆ, ಆ ಹೊಗೆ ಕುಡಿಯಬಾರದು. ಕೊನೆಗೆ ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ಲಿನಿಂದ ವೂಫರುಗಳಿಗೆ ಒಂದು ಪರೀಕ್ಷೆ. ಸೆಲ್ಲಿನ ಧನ ತುದಿಯನ್ನು ಸ್ಪೀಕರಿನ ಕೆಂಪು ಗುರುತಿಗೆ ಕ್ಷಣಕಾಲ ಮುಟ್ಟಿಸಿದರೆ ಶಂಕು ಮುಂದಕ್ಕೆ ಜಿಗಿಯಬೇಕು. ಎರಡೂ ಪೆಟ್ಟಿಗೆ ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಆದರೆ ಒಂದು ದೂಡಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ತಗ್ಗು ನಾದವೆಲ್ಲ ಸೋರಿಹೋಗುತ್ತದೆ. ಗಂಡ ಹೆಂಡತಿ ಮಂಚವನ್ನು ಎರಡು ಕಡೆಯಿಂದ ದೂಡಿದ ಹಾಗೆ.

ಹೊಸ ತಂತಿಯನ್ನು ಬೇಕೆಂದೇ ಒಂದೇ ಪೆಟ್ಟಿಗೆಗೆ ಹಾಕಿದೆ. ಭಾನುವಾರ ಮಗ ಸೊಸೆ ಬಂದರು. ಬಾಗಿಲಿಗೆ ಒಂದು ತೆಳು ವಾಯಿಲ್ ಸೀರೆ ಕಟ್ಟಿ, ಹಿಂದೆ ಒಂದು ಸ್ಟೂಲಿಟ್ಟು, ನಾನೂ ಸೊಸೆಯೂ ಒಂದೊಂದು ಸಲಕ್ಕೆ ಒಂದೊಂದು ಪೆಟ್ಟಿಗೆ ಕೂರಿಸಿ ಒಂದೇ ಕೃತಿ ಹಾಕಿದೆವು. ಕೆಲವು ಸಲ ನಿಜವಾಗಿ ಪೆಟ್ಟಿಗೆ ಬದಲಿಸಿದೆವು. ಕೆಲವು ಸಲ ಬದಲಿಸಿದಂತೆ ದಡಬಡ ಸದ್ದು ಮಾಡಿ ಅಲ್ಲೇ ಬಿಟ್ಟೆವು. ಬದಲಿಸದಿದ್ದಾಗಲೂ ಅಪ್ಪ ಮಗ ಇಬ್ಬರೂ “ಆಹಾ, ಇದು ಹೊಸ ತಂತಿ!” ಎಂದರು. ಹತ್ತು ಸಲದಲ್ಲಿ ಮಗನದು ಐದು ಸರಿ, ನಮ್ಮವರದು ನಾಲ್ಕು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಸೊಸೆ ಸೆರಗು ಬಾಯಿಗಿಟ್ಟುಕೊಂಡು ಅಡಿಗೆ ಮನೆಗೆ ಓಡಿದಳು. ಎರಡನೆಯ ಪೆಟ್ಟಿಗೆಗೂ ನಾನು ಹೊಸ ತಂತಿಯನ್ನೇ ಹಾಕಿ ಮುಗಿಸಿದೆ. ಕೊಂಡದ್ದನ್ನು ಬಿಸಾಡುವ ಜಾತಿ ನಾವಲ್ಲ.

ಸಂಜೆ ಮಾವನವರನ್ನು ಕರೆದು ಕೂರಿಸಿದೆವು. ನಮ್ಮ ಕಿವಿಗೆ ಪಿಟೀಲು ಮುಸುಕು ತೆಗೆದು ಎದುರು ಬಂದು ನಿಂತಂತಿತ್ತು. ತಾಳದ ಅಂಚು, ತಂಬೂರಿಯ ಝೇಂಕಾರ ಎಲ್ಲವೂ ಇತ್ತು. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, “ಪರವಾಗಿಲ್ಲ. ನೀವೆಲ್ಲ ಇಷ್ಟು ಕಷ್ಟಪಟ್ಟಿದ್ದೀರಿ” ಎಂದರು. ಸ್ವಲ್ಪ ತಡೆದು, “ತಂಬೂರಿ ಮಾತ್ರ ಇನ್ನೂ ಬಂದಿಲ್ಲ” ಎಂದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಮನಸ್ಸಿಗೆ ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ನಗು ಬರಲಿಲ್ಲ. “ಸಾರು ಬೇಕಾ ಮಾವ?” ಎಂದರೆ, “ಆರು ಗಂಟೆ ಆಗಿಹೋಯ್ತೇ?” ಎನ್ನುತ್ತಿದ್ದರು. ಥರ್ಮಾಮೀಟರು ಕೀಚ್ ಎಂದರೂ ಕಂಕುಳಲ್ಲೇ ಇಟ್ಟುಕೊಂಡು ಕೂತಿರುತ್ತಿದ್ದರು. ಕುಕ್ಕರಿನ ತೂಕ ಕುಣಿಯುವ ಧಡಧಡ, ಗೇಟಿನ ಸದ್ದು ಸರಿಯಾಗಿ ಕೇಳುತ್ತಿತ್ತು. ಅ, ಆ, ಓ ಮುಂತಾದ ಸ್ವರಗಳು ತಗ್ಗು ನಾದದವು. ಸ, ಶ, ತ, ಕ ಇವುಗಳ ಅಂಚೆಲ್ಲ ಏರುನಾದದಲ್ಲಿ. ಸಾರು ಆರಾಗುವುದು ಹೀಗೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿ ಒಂದು ದಾರದೆಳೆ ಇಟ್ಟು ಹುಟ್ಟಿಸುವ ಝೇಂಕಾರವೂ ಅಲ್ಲೇ ಮೇಲೆ ಇರುವುದು.

ಮನೆಯವರಿಗೆ ಇದು ಹೊಳೆದಿರಲಿಲ್ಲ ಎನ್ನುವಂತೆಯೂ ಇಲ್ಲ. “ಅಪ್ಪನಿಗೆ ಹೇಗೆ ಹೇಳೋದೇ?” ಎಂದರು ನಮ್ಮವರು, ತಲೆ ತಗ್ಗಿಸಿ. ಚೌಡಯ್ಯನವರನ್ನು ಕೇಳಿದ ಕಿವಿ ಅದು. ಸಾವಿರಾರು ರೂಪಾಯಿಯ ತಂತಿ ತರಿಸುವುದು ಸುಲಭ, ಆ ಕಿವಿಯ ಬಗ್ಗೆ ಒಂದು ವಾಕ್ಯ ಆಡುವುದು ಕಷ್ಟ. ನಾನೇ ಹೋಗಿ ಹೇಳಿದೆ.

“ಮಾವ, ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ನೋಡಿದ್ದೀನಿ. ಒಂದೂ ಕೀಲು ಸಡಿಲ ಇಲ್ಲ, ನನ್ನ ಬೆಸುಗೆಗೆ ನಾನು ಜವಾಬ್ದಾರಿ. ಇನ್ನೊಂದು ಕಡೆ ಎಳೆ ಸವೆದಿರಬೇಕು. ಅದನ್ನು ಬಿಚ್ಚೋಕೆ ನನಗೆ ಬರಲ್ಲ. ಬಲ್ಲವರು ಮಾನಸಗಂಗೋತ್ರಿಯ ಹತ್ತಿರ ಇದ್ದಾರೆ.”

ಅವರು ಏನೂ ಹೇಳಲಿಲ್ಲ. ರಾತ್ರಿ ಊಟ ಅರ್ಧಕ್ಕೇ ಬಿಟ್ಟರು. ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಕೋಟು ಹಾಕಿಕೊಂಡು ಕೂತಿದ್ದರು. “ಯಾವಾಗ ಹೊರಡೋಣ?” ಎಂದರು.

ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಲ್ಲಿ ಶುರುವಾದದ್ದು. ಸದ್ದು ನುಸುಳದ ಕೋಣೆಯಲ್ಲಿ ಮಾವನವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, 250 ಹರ್ಟ್ಸಿನಿಂದ 8000 ಹರ್ಟ್ಸಿನವರೆಗೆ ಒಂದೊಂದೇ ನಾದ ಕೇಳಿಸಿದರು. ಕೇಳಿಸಿದಾಗ ಬೆರಳೆತ್ತಬೇಕು. ಗಾಜಿನಾಚೆ ನಿಂತಿದ್ದೆ. ಮೊದಮೊದಲು ಪಟಪಟನೆ ಎದ್ದ ಬೆರಳು ಆಮೇಲೆ ತೊಡೆಯ ಮೇಲೆಯೇ ಕೂತುಬಿಟ್ಟಿತು. ನಾದ ಬರುತ್ತಲೇ ಇತ್ತು, ಬೆರಳು ಏಳಲಿಲ್ಲ. ಕಾಗದದ ಮೇಲೆ ಬರೆದ ಗೆರೆ ಚಾಮುಂಡಿ ಬೆಟ್ಟದ ಮೆಟ್ಟಿಲಿನಂತೆ ಬಲಕ್ಕೆ ಬರುಬರುತ್ತ ಇಳಿದಿತ್ತು.

ನಮ್ಮ ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿಯಿದೆಯಂತೆ. ಅದರಲ್ಲಿ ಸಾಲಾಗಿ ರೋಮದಂಥ ಜೀವಕೋಶಗಳು. ಎಳೆಯ ಕಿವಿ 20 ಹರ್ಟ್ಸಿನಿಂದ 20,000ದವರೆಗೆ ಕೇಳಬಲ್ಲದು. ಏರುನಾದ ಹಿಡಿಯುವ ಕೋಶಗಳು ಸುರುಳಿಯ ಹೊಸ್ತಿಲಲ್ಲೇ ಇವೆ. ವಯಸ್ಸಾದಂತೆ ಮೊದಲು ಸವೆಯುವುದು ಅವೇ. ಸವೆದದ್ದು ಮತ್ತೆ ಹುಟ್ಟುವುದಿಲ್ಲ. ಅಲ್ಲಿಗೆ ಯಾವ ಬೆಸುಗೆಯೂ ಇಲ್ಲ.

ಕಿವಿಯ ಹಿಂದೆ ಕೂರುವ ಸಾಧನ ಕೊಟ್ಟರು. ಅದರಲ್ಲಿಯೂ ಒಂದು ಮೈಕು, ಒಂದು ಆಂಪ್ಲಿಫೈಯರು, ಒಂದು ಅಕ್ಕಿಕಾಳಿನಂಥ ಸ್ಪೀಕರು. ಕಳೆದುಹೋದ ನಾದಗಳನ್ನಷ್ಟೇ ಆರಿಸಿ ಎತ್ತಿಕೊಡುತ್ತದೆ. ಮೊದಲ ವಾರ ಮನೆಯಲ್ಲಿ ರಂಪ. ಪೇಪರು ಮಡಿಸಿದರೆ ತಗಡು ಬಡಿದಂತೆ, ಸೌಟು ಇಟ್ಟರೆ ಗುಂಡು ಹೊಡೆದಂತೆ. ಎರಡು ಸಲ ಕಿತ್ತು ಡಬ್ಬಿಗೆ ಹಾಕಿದರು. ಮಾತಿಗೆ ಹೊಂದಿಸಿದ ಯಂತ್ರಕ್ಕೆ ಸಂಗೀತ ಅಷ್ಟು ಒಗ್ಗುವುದಿಲ್ಲವೆಂದು ಮತ್ತೊಮ್ಮೆ ಹೋಗಿ ಸಂಗೀತಕ್ಕೇ ಬೇರೆ ಹೊಂದಾಣಿಕೆ ಮಾಡಿಸಿಕೊಂಡು ಬಂದೆವು. ಇಪ್ಪತ್ತು ವಯಸ್ಸಿನ ಕಿವಿ ಅವರಿಗೆ ಬಂದಿಲ್ಲ, ಬರುವುದೂ ಇಲ್ಲ. ಆದರೆ ತಿಂಗಳಾದ ಮೇಲೆ ಒಂದು ಸಂಜೆ ಪಿಟೀಲು ನಡೆಯುತ್ತಿದ್ದಾಗ ಕೈ ಎತ್ತಿ, “ಬಂತು. ಹಿಂದುಗಡೆ ಸಣ್ಣಗೆ ತಂಬೂರಿ ಬಂತು” ಎಂದರು. ನಮ್ಮವರು ಪೇಪರು ಅಡ್ಡ ಹಿಡಿದುಕೊಂಡರು.

ಹಾಡು ಮುಗಿದ ಮೇಲೆ ಮಾವನವರು ತಲೆಯೆತ್ತಿ ಮೇಲೆ ನೋಡಿದರು.

“ಏನಮ್ಮಾ, ಈ ಫ್ಯಾನು ಇಷ್ಟು ವರ್ಷವೂ ಹೀಗೇ ಕಿರುಗುಡುತ್ತಿತ್ತೇ?”

“ಹೌದು ಮಾವ.”

“ಅದನ್ನೂ ಒಂದು ಸಲ ಬಿಚ್ಚಿ ನೋಡಿಬಿಡು” ಎಂದರು.